ಬೆಂಡಿನ ಅಂಗಿ

ದೋಣಿ ಹತ್ತುವ ಜಾಗದಲ್ಲಿ ನಾನು ಜಗಳ ತೆಗೆಯುತ್ತೇನೆ. ಮನೆಯವರಿಗೆಲ್ಲ ಇದು ಗೊತ್ತು, ಹಾಗಾಗಿ ಈಗೀಗ ನನ್ನನ್ನು ಬಿಟ್ಟೇ ಹೋಗುತ್ತಾರೆ. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟನ್ನು ತೋಳಿಗೆ ನೇತುಹಾಕಿಕೊಂಡು ಫೋಟೊ ತೆಗೆಸಿಕೊಳ್ಳುವ ಅಳಿಯ, ಸೆಕೆ ಎಂದು ಮಗುವಿನ ಜಾಕೆಟ್ಟಿನ ಪಟ್ಟಿ ಸಡಿಲ ಮಾಡುವ ಮಗಳು, ಇವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇಷ್ಟೇ ದೂರ, ಇಷ್ಟೇ ಆಳ ಎಂದು ಯಾರಾದರೂ ಅಂದರೆ ಕೆನ್ನೆಗೆ ಬಾರಿಸಬೇಕು ಅನಿಸುತ್ತದೆ. ಬಾರಿಸಿಲ್ಲ. ಬಾರಿಸುವುದಾದರೆ ನಮ್ಮವ್ವನಿಗೇ ಮೊದಲು ಬಾರಿಸಬೇಕಿತ್ತು. ಅದು ಅಪ್ಪನಿಂದಲೇ ಆಗಲಿಲ್ಲ, ನನ್ನಿಂದ ಎಲ್ಲಿ ಆದೀತು.

ಅಪ್ಪ ದರ್ಜಿ. ವಿಜಾಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಒಂದು ಹೊಲಿಗೆ ಮಷೀನು, ಒಂದು ಸ್ಟೂಲು ಹಿಡಿಸುವಷ್ಟು ಅಂಗಡಿ. ಎಪ್ಪತ್ತರ ದಶಕದ ಮೊದಲಲ್ಲಿ ದೊಡ್ಡ ಬರ ಬಿತ್ತಲ್ಲ, ಆಗ ಬಟ್ಟೆ ಹೊಲಿಸುವವರೇ ಇಲ್ಲದಾದರು. ಹೊಟ್ಟೆಗೇ ಇಲ್ಲದಾಗ ಅಂಗಿ ಯಾರಿಗೆ ಬೇಕು. ಅಪ್ಪ ಹರಿದದ್ದಕ್ಕೆ ತೇಪೆ ಹಾಕುತ್ತ ಊರಲ್ಲೇ ಉಳಿದ. ಅವ್ವ ನನ್ನನ್ನೂ ತಂಗಿಯನ್ನೂ ಕಟ್ಟಿಕೊಂಡು ತವರಿಗೆ ಹೋದಳು. ಟಿಕೋಟ ದಾಟಿ ಬಿಜ್ಜರಗಿಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಹಳ್ಳಿ ಅದು. ಅಲ್ಲಿ ಒಣಗಿದ ಕೆರೆಯ ಹೂಳೆತ್ತುವ ಬರಗಾಲದ ಕೆಲಸ ನಡೆದಿತ್ತು. ಅವ್ವನ ಅಣ್ಣ, ಅಂದರೆ ನಮ್ಮ ಮಾಮಾ, ಗುದ್ದಲಿ ಹಿಡಿದ. ಅವ್ವ ಬುಟ್ಟಿ ಹೊತ್ತಳು. ನಾನು ಮತ್ತು ತಂಗಿ ಕೆರೆಯ ಹೊಟ್ಟೆಯಲ್ಲೇ ಆಡಿಕೊಂಡಿದ್ದೆವು. ಬಿರುಕು ಬಿಟ್ಟ ಕರಿನೆಲ, ಅದರಲ್ಲಿ ಕಾಲು ಸಿಕ್ಕಿಸಿಕೊಂಡು ಬೀಳುವುದೇ ನಮ್ಮ ಆಟ.

ಕೆಲಸದ ರೀತಿ ಹೀಗಿತ್ತು. ಎಷ್ಟು ಆಳ ಅಗೆದಿದ್ದಾರೆ ಎಂದು ನೋಡಿ ಕೂಲಿ ಕೊಡಬೇಕಲ್ಲ, ಅದಕ್ಕೆ ಅಗೆಯುವ ಜಾಗದ ನಡುನಡುವೆ ಒಂದೊಂದು ಮಣ್ಣಿನ ದಿಬ್ಬವನ್ನು ಮುಟ್ಟದೆ ಹಾಗೇ ಬಿಡುತ್ತಿದ್ದರು. ದಿಬ್ಬದ ತಲೆ ಅಂದರೆ ಕೆರೆಯ ಹಳೆಯ ನೆಲ. ಸುತ್ತ ಅಗೆದಷ್ಟೂ ದಿಬ್ಬ ಎತ್ತರವಾಗಿ ಕಾಣುತ್ತದೆ. ಅಳತೆಗಾರ ಬಂದು ದಿಬ್ಬದ ಪಕ್ಕ ಕೋಲು ನಿಲ್ಲಿಸಿ ಆಳ ಬರೆದುಕೊಳ್ಳುತ್ತಿದ್ದ. ಕೆಲಸವೆಲ್ಲ ಮುಗಿದ ಮೇಲೆ ದಿಬ್ಬಗಳನ್ನು ಕೆಡವಬೇಕು. ಕೆಡವಿದ್ದಕ್ಕೆ ಕೂಲಿಯಿಲ್ಲ, ಹಾಗಾಗಿ ಯಾರೂ ಕೆಡವಲಿಲ್ಲ.

ಅವ್ವನ ಪಾಲಿನ ಜಾಗದಲ್ಲಿ ಮೊಣಕಾಲುದ್ದ ಅಗೆದಾಗ ಹೋಳಿ ಹುಣ್ಣಿಮೆ ಬಂತು. ಅಪ್ಪನಿಗೆ ಯಾರದೋ ಮದುವೆಯ ಬಟ್ಟೆ ಸಿಕ್ಕಿ ಕೈಯಲ್ಲಿ ನಾಲ್ಕು ಕಾಸು ಆಡಿತು. ಬಂದು ನಮ್ಮನ್ನು ಕರೆದುಕೊಂಡು ಹೋದ. ಕೆರೆಯ ಕೆಲಸ ಆಮೇಲೂ ಮಳೆ ಬೀಳುವ ತನಕ ನಡೆಯಿತಂತೆ. ಅದನ್ನು ನಾವು ನೋಡಲಿಲ್ಲ. ಅವ್ವನ ತಲೆಯಲ್ಲಿ ಆ ಕೆರೆ ಹೋಳಿಯ ಹೊತ್ತಿಗೆ ಎಷ್ಟಿತ್ತೋ ಅಷ್ಟೇ ಉಳಿಯಿತು.

ಮಳೆ ಬಂತು, ಎಲ್ಲಿ ನೋಡಿದರಲ್ಲಿ ನೀರು. ಅಪ್ಪನ ಹುಟ್ಟೂರು ಬಬಲೇಶ್ವರದಲ್ಲಿ ಮುತ್ಯಾನ, ಅಂದರೆ ಅಪ್ಪನ ಅಪ್ಪನ, ಹೊಲದ ಬಾವಿ ಮೆಟ್ಟಿಲು ಮುಳುಗುವಷ್ಟು ತುಂಬಿತು. ಊರಿನ ಗಂಡುಹುಡುಗರು ಬೆನ್ನಿಗೆ ಕತ್ತಾಳೆಯ ಬೆಂಡು ಕಟ್ಟಿಕೊಂಡು ದುಡುಮ್ಮನೆ ಹಾರಿದರು. ಕತ್ತಾಳೆ ಹೂಬಿಟ್ಟು ನಿಲ್ಲಿಸುವ ಆ ಉದ್ದನೆಯ ಕಂಬ ಒಣಗಿದರೆ ತುಂಬಾ ಹಗುರ, ನೀರಿನಲ್ಲಿ ಮುಳುಗು ಎಂದರೂ ಮುಳುಗದು. ಹುಡುಗಿಯರು ಮಾತ್ರ ದಂಡೆಯ ಮೇಲೆ ನಿಂತು ನೋಡಬೇಕು. ಬೆಂಡಿನ ಹಗ್ಗ ಸೊಂಟಕ್ಕೆ ಬಿಗಿದರೆ ಲಂಗ ಮೇಲೇರಿ ಮಾನ ಹೋಗುತ್ತದೆಯಂತೆ. ಜೀವ ಹೋದರೂ ಪರವಾಗಿಲ್ಲ, ಮಾನ ಹೋಗಬಾರದು!

ಅಪ್ಪ ಇದನ್ನೆಲ್ಲ ನೋಡಿದ. ವಿಜಾಪುರಕ್ಕೆ ಬರುವಾಗ ಒಂದು ಹೊರೆ ಬೆಂಡು ಹೊತ್ತು ತಂದ. ಗೇಣುದ್ದದ ತುಂಡು ಮಾಡಿದ, ಉಜ್ಜಿ ನುಣ್ಣಗೆ ಮಾಡಿದ. ಶಾಲೆಯ ಪಾಟಿ ಚೀಲ ಹೊಲಿಯುವ ಖಾಕಿ ಬಟ್ಟೆಯಲ್ಲಿ ತೋಳಿಲ್ಲದ ಎರಡು ಅಂಗಿ ಕತ್ತರಿಸಿ, ಎದೆಗೂ ಬೆನ್ನಿಗೂ ಸಾಲಾಗಿ ಜೇಬು ಹೊಲಿದು, ಒಂದೊಂದು ಜೇಬಿನಲ್ಲೂ ಒಂದೊಂದು ಬೆಂಡು ತೂರಿಸಿ ಬಾಯಿ ಮುಚ್ಚಿ, ಮುಂದೆ ಕಟ್ಟಲು ಲಾಡಿ ಹಚ್ಚಿದ. ಹೊಲಿಯುವ ಮೊದಲು ನಮ್ಮಿಬ್ಬರನ್ನೂ ಅಂಗಡಿಗೆ ಕರೆಸಿ ಸ್ಟೂಲಿನ ಮೇಲೆ ನಿಲ್ಲಿಸಿ, ದೊಡ್ಡ ಗಿರಾಕಿಗಳಿಗೆ ತೆಗೆದಂತೆ ಟೇಪು ಹಿಡಿದು ಅಳತೆ ತೆಗೆದ. ತಂಗಿಗೆ ಕಚಗುಳಿಯಾಗಿ ಕುಣಿದಳು. "ಸುಮ್ನ ನಿಂದ್ರು ಯವ್ವಾ, ಅಳತಿ ತಪ್ಪಿದರ ಅಂಗಿ ಮ್ಯಾಲ, ನೀ ಕೆಳಗ ಆಗ್ತಿ" ಅಂದ. ನಾವು ನಕ್ಕೆವು.

ಮುಂದಿನ ಸಲ ಬಬಲೇಶ್ವರಕ್ಕೆ ಹೋದಾಗ ಮುತ್ಯಾ ಆ ಅಂಗಿ ನೋಡಿ ಗೇಲಿ ಮಾಡಿದ. "ಹೆಣ್ಣ ಹುಡುಗ್ಯಾರಿಗೆ ಈಜ ಕಲಿಸಿ ಏನ ಮಾಡಾಂವಲೇ? ಬಾವ್ಯಾಗ ಬಿದ್ದ ಕೊಡಾ ತಗಸಾಂವೇನು?"

"ಕೊಡಾ ಬಿದ್ದರ ಬೀಳ್ಲಿ. ಇವರು ಬಿದ್ದರ ಮ್ಯಾಲ ಬರಬೇಕಪಾ" ಅಂದ ಅಪ್ಪ.

ಆ ಬಾವಿಯಲ್ಲಿ ಮೊದಲು ನನ್ನನ್ನೇ ಇಳಿಸಿದ. ನೀರು ಕಾಲು ಹಿಡಿದು ಎಳೆಯಿತು, ಅಂಗಿ ಎದೆ ಹಿಡಿದು ಎತ್ತಿತು. ತಲೆ ನೀರಿನ ಮೇಲೆ ನಿಂತಾಗ ಅಪ್ಪನ ಮುಖ ನೋಡಬೇಕಿತ್ತು. ಮಷೀನಿನ ಹಿಂದೆ ಕೂತ ಅಪ್ಪ ಹಾಗೆ ನಕ್ಕದ್ದು ನಾನು ನೋಡಿರಲಿಲ್ಲ. ಆಮೇಲೆ ಎಂದೂ ನೋಡಲಿಲ್ಲ.

ಸೀಗಿ ಹುಣ್ಣಿಮೆಗೆ ಮಾಮಾ ಕರೆ ಕಳಿಸಿದ. ದೀಪಾವಳಿ ಹತ್ತಿರ ಬಂದಿದ್ದರಿಂದ ಅಪ್ಪನಿಗೆ ತಲೆ ಎತ್ತಲು ಪುರುಸೊತ್ತಿರಲಿಲ್ಲ. ನಮ್ಮನ್ನು ಬಸ್ಸಿಗೆ ಹತ್ತಿಸುವಾಗ ಬೆಂಡಿನ ಅಂಗಿಗಳನ್ನು ಚೀಲದಲ್ಲಿ ಇಟ್ಟು ಅವ್ವನಿಗೆ ಹೇಳಿದ: "ಕೆರಿ ತುಂಬೇತಿ ಅಂತ. ಹುಡುಗ್ಯಾರು ನೀರಿನ ಹಂತ್ಯಾಕ ಹೋದರ ಇದನ್ನ ಹಾಕು. ದಂಡಿಗೆ ಬರೂತನಕ ಬಿಚ್ಚಬ್ಯಾಡ." ಅವ್ವ ಹೂಂ ಅಂದಳು. ಬಸ್ಸಿನ ಗದ್ದಲದಲ್ಲೂ ಆ ಹೂಂ ನನಗೆ ಕೇಳಿಸಿತು.

ಮಾಮಾನ ಹಿತ್ತಲಲ್ಲಿ ಬೆಲ್ಲ ಕಾಸುವ ದೊಡ್ಡ ಕಬ್ಬಿಣದ ಕೊಪ್ಪರಿಗೆ ಬೋರಲು ಬಿದ್ದಿತ್ತು. ಬಾವಿ ಬತ್ತಿ ಕಬ್ಬು ಹೋದಾಗಿನಿಂದ ಅದರ ಕೆಳಗೆ ಕೋಳಿಗಳು ಮಲಗುತ್ತಿದ್ದವು. ಹೊಳೆಯ ದಂಡೆಯ ಊರುಗಳಲ್ಲಿ ನೆರೆ ಬಂದಾಗ ಕೊಪ್ಪರಿಗೆಯಲ್ಲೇ ಕೂತು ದಾಟುತ್ತಾರೆ ಎಂದು ಮಾಮಾ ಎಲ್ಲೋ ನೋಡಿ ಬಂದಿದ್ದ. ಅವತ್ತು ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಕಡಬು, ಶೇಂಗಾ ಹೋಳಿಗೆ ಉಂಡ ಮೇಲೆ ನಾಲ್ಕು ಜನ ಸೇರಿ ಕೊಪ್ಪರಿಗೆಯನ್ನು ಚಕ್ಕಡಿಗೆ ಏರಿಸಿ ಕೆರೆಗೆ ತಂದರು. ಊರಿಗೆ ಊರೇ ದಂಡೆಯ ಮೇಲೆ ನೆರೆದಿತ್ತು. ಎರಡು ವರ್ಷ ಧೂಳು ತಿಂದವರು ನೀರು ಕಂಡು ಹುಚ್ಚರಾಗಿದ್ದರು. ಅವ್ವನೂ ಅಷ್ಟೇ. ಸೆರಗು ಸಿಕ್ಕಿಸಿಕೊಂಡು, ಸಣ್ಣ ಹುಡುಗಿಯ ಹಾಗೆ, "ಅಣ್ಣಾ, ಮೊದಲ ನಮ್ಮನ್ನ ಕುಂದರಿಸು" ಅಂದಳು. ಅವಳಿಗೆ ಅಷ್ಟು ಸಂತೋಷ ಆದದ್ದು ತಪ್ಪೇ? ತಪ್ಪು ಎಂದು ಹೇಳಲು ಇವತ್ತಿಗೂ ನನಗೆ ಬಾಯಿ ಬರುವುದಿಲ್ಲ.

ನಮಗಿಬ್ಬರಿಗೂ ಅಂಗಿ ತೊಡಿಸಿದಳು, ಗಂಟನ್ನೂ ಬಿಗಿಯಾಗಿಯೇ ಹಾಕಿದಳು. ದಂಡೆಯ ಹೆಂಗಸರು ಮುಸಿಮುಸಿ ನಕ್ಕರು. "ನಿನ್ನ ಮಕ್ಕಳೇನ ಸಮುದ್ರಕ್ಕ ಹೊಂಟಾರೇನ ಬೇ?" ಎಂದು ಒಬ್ಬಳು ಕೇಳಿದಳು. ಅವ್ವ ನಾಚಿಕೊಂಡಳು.

ಕೊಪ್ಪರಿಗೆಯಲ್ಲಿ ಅವ್ವ, ತಂಗಿ, ನಾನು, ಬಿದಿರಿನ ಗಳವನ್ನು ಹುಟ್ಟಿನ ಹಾಗೆ ಬೀಸುವ ಮಾಮಾ. ಅದು ಬುಗುರಿಯಂತೆ ತಿರುಗುತ್ತಿತ್ತು, ನಮ್ಮ ಕಿರುಚಾಟಕ್ಕೆ ದಂಡೆಯ ಮೇಲಿದ್ದವರು ಚಪ್ಪಾಳೆ ಹೊಡೆದರು. ಸ್ವಲ್ಪ ದೂರ ಹೋದ ಮೇಲೆ ತಂಗಿ ಅಳು ತೆಗೆದಳು. ಖಾಕಿ ಬಟ್ಟೆಯ ಅಂಚು ಕುತ್ತಿಗೆಗೆ ಉಜ್ಜಿ ಕೆಂಪಾಗಿತ್ತು.

"ಯವ್ವಾ, ಕುತ್ತಿಗಿ ಉರಿತೈತಿ."

"ಸುಮ್ನ ಕುಂದ್ರು, ನಿಮ್ಮಪ್ಪ ಬೈತಾನ" ಅಂದಳು ಅವ್ವ.

ಅಷ್ಟರಲ್ಲಿ ಕೊಪ್ಪರಿಗೆಯ ತಳ ಏನಕ್ಕೋ ತಾಗಿ ನಿಂತಿತು. ಮಾಮಾ ಗಳ ಊರಿ ನೋಡಿದ. ಗಳ ಮೊಣಕಾಲುದ್ದವೂ ಇಳಿಯಲಿಲ್ಲ. ಅವ್ವನಿಗೆ ಅಂದ: "ಇಲ್ನೋಡ ತಂಗಿ, ಮೊಣಕಾಲ ಮಟಾ ನೀರಿಲ್ಲ. ಇದಕ್ಯಾಕ ಬೆಂಡು? ಬಿಚ್ಚ ಅದನ, ಕೂಸು ಅಳಾಕತ್ತೈತಿ."

ಅವ್ವ ಸುತ್ತ ನೋಡಿದಳು. ದಂಡೆಯ ಜಾಲಿಗಿಡ, ಆಚೆಯ ಕಟ್ಟೆ, ಎರಡನ್ನೂ ನೋಡಿ ಗುರುತು ಹಿಡಿದಳು. "ಗೊತ್ತೈತಿ ಬಿಡಣ್ಣಾ. ಇದು ನನ್ನ ಜಾಗಾನ. ಈ ಮಣ್ಣ ನಾನ ಹೊತ್ತೀನಿ. ಎಲ್ಲೆ ಇಳಿದರೂ ಟೊಂಕದ ಮಟಾ ಬಂದರ ಹೆಚ್ಚು." ಹಾಗೆಂದು ತಂಗಿಯ ಗಂಟಿಗೆ ಕೈ ಹಾಕಿದಳು. ಗಂಟು ನೆನೆದು ಬಿಗಿದಿತ್ತು. ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ನನ್ನದನ್ನು ಬಿಚ್ಚಲು ಬಂದಾಗ ನಾನು ಒಲ್ಲೆ ಅಂದೆ. ನಾನು ಮೊದಲಿನಿಂದಲೂ ಪುಕ್ಕಲಿ.

ನಾವು ನಿಂತದ್ದು ಅಳತೆಗೆಂದು ಬಿಟ್ಟಿದ್ದ ದಿಬ್ಬದ ತಲೆಯ ಮೇಲೆ. ಅವ್ವ ಬಿಟ್ಟುಹೋದ ಮೇಲೆ ಅದರ ಸುತ್ತ ಆಳೆತ್ತರಕ್ಕಿಂತ ಹೆಚ್ಚು ಅಗೆದಿದ್ದರು. ಹಾಗೆ ಅಗೆಯುವಾಗ ಮಾಮಾ ಬೇರೆ ಕಡೆಯ ಕಟ್ಟೆಯ ಮೇಲೆ ಮಣ್ಣು ತುಳಿಯುತ್ತಿದ್ದ, ಅವನಿಗೂ ತಿಳಿದಿರಲಿಲ್ಲ. ಕೊಪ್ಪರಿಗೆಯನ್ನು ನೂಕಲೆಂದು ಅವನು ಕೆಳಗಿಳಿದ. ತುಂಬಿದ ಕೆರೆಯೊಳಗೆ ಮೊಣಕಾಲ ನೀರಿನಲ್ಲಿ ನಿಂತ ಅವನನ್ನು ನೋಡಿ ದಂಡೆಯವರು ಹೋ ಎಂದರು. ತಂಗಿ ತಾನೂ ಇಳಿಯುತ್ತೇನೆ ಎಂದಳು. ಅವಳನ್ನು ಎತ್ತಿ ತನ್ನ ಪಕ್ಕ ನಿಲ್ಲಿಸಿಕೊಂಡ. ಭಾರ ಇಳಿದ ಕೊಪ್ಪರಿಗೆ ದಿಬ್ಬ ಬಿಟ್ಟು ಜಾರಿತು. ಹಿಡಿಯಲು ಮಾಮಾ ಎರಡೂ ಕೈ ಚಾಚಿದ. ತಂಗಿ ನಮ್ಮ ಕಡೆಗೆ ಒಂದು ಹೆಜ್ಜೆ ಇಟ್ಟಳು.

ಕೂಗಲಿಲ್ಲ. ಕೂಗಲು ಹೊತ್ತಿರಲಿಲ್ಲ. ಅವ್ವ ಧಡಕ್ಕನೆ ಎದ್ದಳು, ಕೊಪ್ಪರಿಗೆ ಮಗುಚಿತು. ಅವ್ವ ಹೇಗೋ ಮಾಮಾ ದಿಬ್ಬದಲ್ಲಿ ಊರಿ ಬಿಟ್ಟಿದ್ದ ಗಳ ಹಿಡಿದುಕೊಂಡಳು. ನಾನು ನೀರಿಗೆ ಬಿದ್ದು, ಮುಳುಗಿ, ಮೇಲೆ ಬಂದೆ. ಅಪ್ಪ ಹೊಲಿದ ಅಂಗಿ ಎದೆ ಹಿಡಿದು ಎತ್ತಿತು, ಬಾವಿಯಲ್ಲಿ ಎತ್ತಿದ ಹಾಗೆಯೇ. ತಲೆ ಹೊರಗಿಟ್ಟುಕೊಂಡು ನಾನು ಎಲ್ಲವನ್ನೂ ನೋಡಿದೆ. ಮಾಮಾ ಮುಳುಗುವುದು, ಏಳುವುದು, ಮತ್ತೆ ಮುಳುಗುವುದು. ಕರಿಮಣ್ಣಿನ ನೀರು, ಒಳಗೆ ಕಣ್ಣು ಬಿಟ್ಟರೂ ಕತ್ತಲೆ. ತಂಗಿಯ ಅಂಗಿ ನನ್ನ ಹತ್ತಿರವೇ ತೇಲುತ್ತಿತ್ತು. ಒಳಗೆ ಯಾರೂ ಇರಲಿಲ್ಲ.

ಅವಳನ್ನು ಸಂಜೆ ತೆಗೆದರು. ಅಪ್ಪ ಕೊನೆಯ ಬಸ್ಸಿಗೆ ಬಂದ. ಎಲ್ಲರೂ ಅಳುತ್ತಿದ್ದರು, ಅವನು ಅಳಲಿಲ್ಲ. ಗೋಡೆಗೆ ಒರಗಿಸಿದ್ದ ಸಣ್ಣ ಅಂಗಿಯನ್ನು ಎತ್ತಿಕೊಂಡು ಜೇಬುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಒಂದೂ ಹೊಲಿಗೆ ಬಿಟ್ಟಿರಲಿಲ್ಲ. ಆಮೇಲೆ ಬಿಚ್ಚಿದ ಗಂಟಿನ ಲಾಡಿಗಳನ್ನು ನೋಡಿದ.

ಆ ಅಂಗಿಯನ್ನು ಅವ್ವ ಸುಡುತ್ತೇನೆ ಎಂದಳು. ಅಪ್ಪ ಕೊಡಲಿಲ್ಲ. ಅಂಗಡಿಯಲ್ಲಿ ಹೊಲಿದು ಮುಗಿದ ಬಟ್ಟೆಗಳನ್ನು ತೂಗುಹಾಕುವ ಗೂಟಕ್ಕೆ ಅದನ್ನೂ ತೂಗುಹಾಕಿದ. ಗಿರಾಕಿಗಳು ಇದೇನು ಎಂದು ಕೇಳಿದರೆ, "ಒಬ್ಬಾಕಿ ಹುಡುಗಿದು. ಒಯ್ದಿಲ್ಲರಿ" ಅನ್ನುತ್ತಿದ್ದ.

ಮನೆಯಲ್ಲಿ ಅವ್ವ ಅವನ ಹಿಂದೆ ಬಿದ್ದಳು. "ಒಂದ ಸಲರೆ ಬೈರಿ ನನಗ. ಹೊಡೀರಿ. ಹಿಂಗ ಸುಮ್ನ ಕುಂದರಬ್ಯಾಡ್ರಿ" ಎಂದು ತಟ್ಟೆಯ ಮುಂದೆ ಕೂತು ಅಳುತ್ತಿದ್ದಳು. ಅವನು ಬಡಿಸಿದ್ದನ್ನು ಉಂಡು ಎದ್ದು ಹೋಗುತ್ತಿದ್ದ. ಬೈದರೆ ಅವಳ ಎದೆ ಹಗುರಾಗುತ್ತದೆ ಎಂದು ಅವಳು ನಂಬಿದ್ದಳು, ನಾನೂ ನಂಬಿದ್ದೆ. ಬೈಯಪ್ಪಾ, ಬೈದುಬಿಡು ಎಂದು ನಾನು ಒಳಗೊಳಗೇ ಬೇಡಿಕೊಂಡದ್ದಕ್ಕೆ ಲೆಕ್ಕವಿಲ್ಲ. ಮಾಮಾ ಕೊಪ್ಪರಿಗೆಯನ್ನು ಹಳೆ ಕಬ್ಬಿಣ ಕೊಳ್ಳುವ ಮೋಡಕಾ ಅಂಗಡಿಯವನಿಗೆ ಹಾಕಿ, ನಮ್ಮ ಮನೆಗೆ ಬರುವುದನ್ನೇ ಬಿಟ್ಟ.

ಕೆಲವು ವರ್ಷ ಕಳೆದು ಮತ್ತೊಂದು ಕೆಟ್ಟ ಬೇಸಿಗೆ ಬಂತು. ಕೆರೆ ತಳ ಕಂಡಿದೆ ಎಂಬ ಸುದ್ದಿ ಬಂದಾಗ ಅವ್ವ ಹಟ ಹಿಡಿದಳು. ಮೂವರೂ ಹೋದೆವು. ದಂಡೆಯಿಂದ ಆ ದಿಬ್ಬ ಎಷ್ಟು ಹತ್ತಿರವಿತ್ತು! ಮಾತಾಡಿದರೆ ಕೇಳಿಸುವಷ್ಟು ಹತ್ತಿರ. ಇಳಿದು ಹೋಗಿ ಅದರ ಬುಡದಲ್ಲಿ ನಿಂತಾಗ ಅದು ಅಪ್ಪನ ತಲೆಗಿಂತ ಮೇಲಿತ್ತು. ಮಣ್ಣಿನಲ್ಲಿ ಗುದ್ದಲಿಯ ಏಟಿನ ಗುರುತುಗಳು ಅಲ್ಲಲ್ಲಿ ಇನ್ನೂ ಉಳಿದಿದ್ದವು. ಅವ್ವ ಕಾಲ್ಬೆರಳ ಮೇಲೆ ನಿಂತು, ಕೈ ಎತ್ತಿ, ದಿಬ್ಬದ ತಲೆಯಿಂದ ಮೊಣಕಾಲುದ್ದ ಕೆಳಗೆ ಉಗುರಿನಿಂದ ಗೆರೆ ಎಳೆದಳು.

"ಇಲ್ಲಿತನಕ ಅಷ್ಟರಿ ನಾ ಹೊತ್ತದ್ದು. ಇದರ ಕೆಳಗಿನ ಮಣ್ಣ ನಂದಲ್ಲ. ನೋಡ್ರಿ, ನೀವ ನೋಡ್ರಿ. ನನಗ ಹ್ಯಾಂಗ ಗೊತ್ತಾಗಬೇಕಿತ್ತು?"

ಅಪ್ಪ ನೋಡಿದ. ಗೆರೆಯನ್ನು ನೋಡಿದ, ಅದರ ಕೆಳಗಿನದನ್ನೆಲ್ಲ ನೋಡಿದ.

"ಈಗರೆ ಏನರ ಅನ್ರಿ" ಅಂದಳು ಅವ್ವ.

"ಅನ್ನಾಕ ಏನೈತಿ" ಅಂದ ಅಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ, ಗಿರಾಕಿಯ ಜೊತೆ ಮಾತಾಡುವ ದನಿ ಅದು. "ನಾ ಅಳತಿ ತೊಗೊಂಡು ಹೊಲದಿದ್ದೆ."

ಅಷ್ಟೇ. ಇಷ್ಟು ವರ್ಷ ಅವಳು ಬೇಡಿದ್ದ ಬೈಗುಳ ಅದು. ಅವ್ವ ಎತ್ತಿದ ಕೈಯನ್ನು ಕೆಳಗಿಳಿಸಿ, ಉಗುರಿನ ಮಣ್ಣನ್ನು ಸೀರೆಗೆ ಒರೆಸಿಕೊಂಡಳು. ಅವಳ ಎದೆ ಹಗುರಾಗಲಿಲ್ಲ. ಆಮೇಲೆ ಅವಳು ಬೈಯಿರಿ ಎಂದು ಕೇಳಲಿಲ್ಲ. ಸಾಯುವ ತನಕ ಅಪ್ಪನನ್ನು ಏನನ್ನೂ ಕೇಳಲಿಲ್ಲ, ಸಾರಿಗೆ ಉಪ್ಪು ಸಾಕೇ ಎಂದು ಕೂಡ.