ನಾನು ಬದುಕಿಸಿದ ನಾಯಕಿ

ಭಾನುವಾರ ಟೀವಿಯಲ್ಲಿ ಸಿನಿಮಾ ಮುಗಿಯುವ ಮೊದಲೇ ಆ ಹಾಳು ಡೈರಿಗೆ ಹಾಲು ಹಾಕುವ ಹೊತ್ತಾಗುತ್ತಿತ್ತು. ಅವ್ವ ಕಣ್ಣೊರೆಸಿಕೊಂಡು ಎಮ್ಮೆ ಹಾಲು ಕರೆಯಲು ಏಳುತ್ತಿದ್ದಳು. ಕೊನೆಗೆ ಏನಾಯಿತೆಂದು ಆಮೇಲೆ ನಾನು ಹೇಳಬೇಕಿತ್ತು. ಅವಳು ಮತ್ತೆ ಅಳಬಾರದೆಂದು ಸತ್ತವರನ್ನೆಲ್ಲ ಬದುಕಿಸಿ ಹೇಳುತ್ತಿದ್ದೆ.

ಕೆಲಸ ಸಿಕ್ಕ ವರ್ಷ ನಾಗಮಂಗಲದಿಂದ ವಿಸಿಪಿ ಬಾಡಿಗೆಗೆ ತಂದು, ಅವಳ ಅಚ್ಚುಮೆಚ್ಚಿನ ಸಿನಿಮಾದ ಕ್ಯಾಸೆಟ್ಟನ್ನೇ ಹಾಕಿದೆ. ಕೊನೆಯಲ್ಲಿ ನಾಯಕಿ ಸತ್ತೇಹೋದಳು. ನಾನೇ ಕಟ್ಟಿದ ಸುಳ್ಳನ್ನು ಇಷ್ಟು ವರ್ಷಗಳಲ್ಲಿ ನಾನೇ ನಂಬಿಬಿಟ್ಟಿದ್ದೆ!

ಅವ್ವ ಟೀವಿಯಿಂದ ಕಣ್ಣು ಕೀಳಲಿಲ್ಲ.

"ಇವ್ಳು ಗಂಡನ್ ಮನೇಲಿ ಸುಕವಾಗವ್ಳೆ ಅಂದಿದ್ದೆ ಕಣ್ಲಾ ನೀನು" ಎಂದಳು.

ಆಮೇಲೆ ಮೆಲ್ಲಗೆ ಕೇಳಿದಳು: "ಇನ್ನೂ ಯಾರ್ಯಾರು ಸತ್ತವ್ರೆ?"