ಹುಳುವಿನ ಜ್ವರ, ಸೆಲ್ವಿಯ ಮಾತು

ರೇಷ್ಮೆಹುಳು ಸೊಪ್ಪು ತಿನ್ನುವ ಸದ್ದು ಕೇಳಿದ್ದೀರಾ? ದೂರದಲ್ಲೆಲ್ಲೋ ಮಳೆ ಹಿಡಿದಂತಿರುತ್ತದೆ. ಹೋದ ಭಾನುವಾರ ಮಧ್ಯಾಹ್ನ, ಕೊಳ್ಳೇಗಾಲದ ಹೊರಗಿರುವ ಸೋದರತ್ತೆಯ ಹುಳುವಿನ ಮನೆಯಲ್ಲಿ ಅದನ್ನೇ ಕೇಳುತ್ತ ಕೂತಿದ್ದೆ. ಹಸಿ ಸೊಪ್ಪಿನ ವಾಸನೆ, ಮಬ್ಬು ಬೆಳಕು. ತಟ್ಟೆಗಳ ಸಾಲಿನ ಕೆಳಗೆ ಒಂದು ಮಗು ಮಲಗಿತ್ತು. ಅದರ ತಾಯಿ ಸೆಲ್ವಿ ಕನಸಿನಲ್ಲಿ ನಡೆದಾಡುವವಳಂತೆ ಸೊಪ್ಪು ಹರಡುತ್ತಿದ್ದಳು.

ಸೆಲ್ವಿ ಮೇಟೂರಿನ ಕಡೆಯವಳು. ಕೌದಳ್ಳಿಗೆ ಮದುವೆಯಾಗಿ ಬಂದವಳು. (ಗಡಿಗೆರೆ ಎಳೆದ ಮೇಲೆ ತೌರು ಒಂದು ರಾಜ್ಯ, ಗಂಡನ ಮನೆ ಇನ್ನೊಂದು. ಹೊಡೆತಕ್ಕೆ ಯಾವ ಗೆರೆ?) ಗಂಡ ಮಾದೇವ ಹೊಡೆದು ಅವಳ ಮಣಿಕಟ್ಟು ಮುರಿದ ಮೇಲೆ ಮಗುವನ್ನು ಎತ್ತಿಕೊಂಡು ನನ್ನ ಅತ್ತೆಯ ಮನೆ ಸೇರಿದಳು. ಅಂಥ ತಾಯಂದಿರಿಗೆಂದೇ ಅತ್ತೆ ಹಿಂದಿನ ಕೋಣೆಗಳನ್ನು ಬಿಟ್ಟಿದ್ದಾಳೆ. ಬಂದ ಹೊಸತರಲ್ಲಿ ಸೆಲ್ವಿ ಮಲಗುತ್ತಲೇ ಇರಲಿಲ್ಲವಂತೆ, ಬಾಗಿಲಿಗೆ ಬೆನ್ನು ಕೊಟ್ಟು ಕೂತಿರುತ್ತಿದ್ದಳಂತೆ. ಈಗ? ಅತ್ತೆಯ ಜೊತೆ ಕನ್ನಡದಲ್ಲೇ ಜಗಳವಾಡುತ್ತಾಳೆ!

ನನಗೆ ಸುಮ್ಮನಿರಲಾಗಲಿಲ್ಲ. "ಅತ್ತೆ, ಊರಿನೆದುರು ನ್ಯಾಯ ಕೇಳೋದು ಬಿಟ್ಟು ಇಲ್ಲಿ ಅವಿತುಕೊಂಡರೆ ಅದು ಸೋಲಲ್ವಾ?"

"ಓಡಿ ಬರ್ದಿದ್ರೆ ಸತ್ತೋಗಿರೋಳು. ನಿನ್ ಡಿಬೇಟು ಆಮ್ಯಾಕೆ ಮಾಡೀವಂತೆ, ಆ ಸೊಪ್ಪಿನ ಪುಟ್ಟಿ ಇತ್ಲಾಗ್ ತಳ್ಳು."

ಅಷ್ಟರಲ್ಲಿ ಹೊರಗೆ ಗಾಡಿ ನಿಂತಿತು. ಮಾದೇವ ಬಂದಿದ್ದ, ಜೊತೆಗೆ ಕೌದಳ್ಳಿಯ ಯಜಮಾನರೊಬ್ಬರು. ಸೆಲ್ವಿಯ ಕೈಯಲ್ಲಿದ್ದ ಸೊಪ್ಪು ನೆಲಕ್ಕೆ ಬಿತ್ತು.

ಇಲ್ಲೊಂದು ಕಟ್ಟಳೆ ಹೇಳಬೇಕು. ಹುಳು ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ ಮಲಗುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ. ಆಗ ಹೊರಗಿನವರು ಹುಳುವಿನ ಮನೆಯ ಹೊಸಿಲು ದಾಟುವಂತಿಲ್ಲ. ಎಂಥ ಒರಟನೂ ದಾಟುವುದಿಲ್ಲ.

ಅತ್ತೆ ಬಾಗಿಲಿಗೆ ಅಡ್ಡ ನಿಂತಳು. "ಒಳೀಕೆ ಬರ್ಬ್ಯಾಡಿ. ಉಳ ಜರಕ್ಕೆ ಕೂತವೆ."

ಮಾದೇವ ಬೆಂಕಿ ತುಳಿದವನಂತೆ ಕಾಲು ಹಿಂದೆಗೆದ. ಹೆಂಡತಿಯ ಮೈಮೇಲೆ ಹೋಗುವಾಗ ಒಮ್ಮೆಯಾದರೂ ಹೀಗೆ ಹಿಂದೆಗೆದಿದ್ದನೇ?

ಯಜಮಾನರು ಮಾತ್ರ ಕಿವಿ ಓರೆ ಮಾಡಿದರು. "ಅಲ್ಲ ಕಣವ್ವ, ಜರ ಬಂದಿರೋ ಉಳ ಇಂಗೆ ಮಳೆ ಉಯ್ದಂಗೆ ಮೇಯ್ತಾವಾ?"

ಇಷ್ಟು ಬೇಗ ಬಿದ್ದುಹೋದ ವಾದವನ್ನು ನಾನು ಯಾವ ಚರ್ಚಾಕೂಟದಲ್ಲೂ ಕಂಡಿಲ್ಲ.

ಮಾದೇವ ನಕ್ಕ. "ಬಾರಮ್ಮಿ ಈಚೆಗೆ. ಮಗೀನ ಎತ್ಕೊ, ಓಗಾನ."

ಸೆಲ್ವಿ ಬಂದಳು. ಹೊಸಿಲಿನ ಒಳಗೇ ನಿಂತಳು. "ವರಮಾಟ್ಟೇನ್" ಅಂದಳು. ಆಮೇಲೆ, ತಮಿಳು ಅರ್ಥವಾಗಲಿಲ್ಲ ಎಂಬ ನೆವವೂ ಉಳಿಯಬಾರದು ಎನ್ನುವಂತೆ, ಕನ್ನಡದಲ್ಲಿ: "ಬರಾಕಿಲ್ಲ. ಉಳಕ್ಕೆ ಜರ ಇಲ್ಲ. ನಾನೇ ಬರಾಕಿಲ್ಲ."

ಅವಳ ಕಾಲು ಕದಲಲಿಲ್ಲ. ಅತ್ತೆ ಹೋಗಿ ಅವಳ ಪಕ್ಕ ನಿಂತಳು. ಆ ಮನೆಯ ಇತರ ಹೆಂಗಸರೂ ಒಬ್ಬೊಬ್ಬರಾಗಿ, ಮಂಜಿನೊಳಗಿಂದ ಬಂದವರಂತೆ, ಹಿಂದೆ ಬಂದು ನಿಂತರು.

ಯಜಮಾನರು ಅವರನ್ನೆಲ್ಲ ನೋಡಿದರು, ಹೆಗಲ ಮೇಲಿನ ಟವೆಲ್ ಕೊಡವಿದರು. "ನಡೀಲಾ ಮಾದೇವ. ಊರಲ್ಲಿ ಕೇಳುದ್ರೆ, ಉಳಕ್ಕೆ ಜರ, ಒಳೀಕೆ ಬುಡ್ನಿಲ್ಲ ಅಂದ್ಬುಡಾನ."

ಗಾಡಿ ಹೊರಟಿತು.

ಸ್ವಾಮಿ, ಹೆಣ್ಣೊಬ್ಬಳು ಬರುವುದಿಲ್ಲ ಅಂದಳು ಎಂದು ಊರಿಗೆ ಹೋಗಿ ಹೇಳಲು ಅಷ್ಟೊಂದು ಭಯವೇ?