ಎರಡು ಚರಗಳಿದ್ದಾಗ

ಪ್ರತಿ ಗುರುವಾರ ಬಸವನಗುಡಿಯ ತಮ್ಮ ಮನೆಯಲ್ಲಿ ನನ್ನ ಸಂಶೋಧನೆಯನ್ನು ತಿದ್ದುತ್ತಿದ್ದ ಗಣಿತದ ಮೇಡಂ, ಯಾವ ಪ್ರಮೇಯದ ಪ್ರೂಫ್ ಕೈಗೆ ಬಂದರೂ ಕನ್ನಡಕವನ್ನು ಸೆರಗಿನಿಂದ ಒರೆಸಿ, "ಎಲ್ಲಿ ಜಾರತ್ತೆ, ನೋಡೋಣ" ಎನ್ನುತ್ತಿದ್ದರು.

ಎಲ್ಲಿಯೂ ಸೊನ್ನೆಗಿಂತ ಕೆಳಗಿಳಿಯದ ತ್ರಿಕೋನಮಿತಿಯ ಬಹುಪದದಲ್ಲಿ ಒಂದೇ ಚರವಿದ್ದರೆ, ಅದನ್ನು ಒಂದೇ ಬಹುಪದದ ಪರಿಮಾಣದ ವರ್ಗವಾಗಿ ಬರೆಯಬಹುದು. ಎರಡು ಚರಗಳಿದ್ದರೆ ಸಾಮಾನ್ಯವಾಗಿ ಆಗದು. ಒಂದು ವಿಶೇಷ ಬಗೆಯ ಬಹುಪದಗಳಿಗೆ ಮಾತ್ರ ಆಗುತ್ತದೆಂದು ಮೇಡಂ ನಿವೃತ್ತಿಗೆ ಮುಂಚಿನ ಕೊನೆಯ ಲೇಖನ ಬರೆದು, ಕಳಿಸುವ ಮೊದಲು ನನಗೆ ಓದಲು ಕೊಟ್ಟರು. ಒಂದು ಚರವನ್ನು ಅಲುಗದಂತೆ ಹಿಡಿದು, ಇನ್ನೊಂದರಲ್ಲಿ ಅಪವರ್ತಿಸಿದ್ದರು. ಹಿಡಿದದ್ದನ್ನು ಬಿಟ್ಟೊಡನೆ ಗುಣಕಗಳಲ್ಲಿ ವರ್ಗಮೂಲ ಬಂದು ಕೂರುತ್ತಿತ್ತು. ಆಮೇಲೆ ಅದು ಬಹುಪದವೇ ಅಲ್ಲ.

"ಮೇಡಂ, ಇದು ಸರಿ ಬರಲ್ಲ ಅನ್ಸತ್ತೆ."

"ಅನ್ಸತ್ತೆ ಅಂದ್ರೆ? ಬರತ್ತೋ ಇಲ್ವೋ?"

"ಇಲ್ಲ ಮೇಡಂ."

ಅವರು ಒಳಗೆ ಹೋಗಿ ಕಾಫಿ ತಂದರು. ಒಂದೇ ಲೋಟ, ಅದೂ ನನಗೆ.

"ಸೋಮವಾರ ಸೆಮಿನಾರಲ್ಲಿ ನಾನಲ್ಲ, ನೀನು ಮಾತಾಡು. ಇದನ್ನೇ ಹೇಳು. ಯಾರ ತಪ್ಪು ಅಂತ ಮುಚ್ಚಿಡ್ಬೇಡ."

ಇದು ಮೆಚ್ಚುಗೆಯೋ ಶಿಕ್ಷೆಯೋ ಎಂದು ದಿನಚರಿಯಲ್ಲಿ ಎರಡು ಕಡೆಗೂ ಗೀಟು ಹಾಕುತ್ತಾ ಹೋದೆ. ಭಾನುವಾರದವರೆಗೂ ಎರಡೂ ಸಮವಾಗಿಯೇ ಉಳಿದವು.

ಸೋಮವಾರ ಮೇಡಂ ಮುಂದಿನ ಸಾಲಿನಲ್ಲಿ ಕೂತಿದ್ದರು. ವರ್ಗಮೂಲ ಬರುವ ಹೆಜ್ಜೆಯನ್ನು ನಾನು ಬೋರ್ಡಿನ ಮೇಲೆ ಬರೆದು ಮುಗಿಸುವಷ್ಟರಲ್ಲಿ ಕೈ ಎತ್ತಿದರು.

"ನಂಗೆ ಅರ್ಥ ಆಗ್ಲಿಲ್ಲ. ಇನ್ನೊಂದ್ಸಲ ಹೇಳಮ್ಮ, ನಿಧಾನಕ್ಕೆ."

ತಮಾಷೆಯೆಂದುಕೊಂಡು ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ಪೆನ್ನು ಹಿಡಿದು, ಬರೆದುಕೊಳ್ಳಲು ಕಾಯುತ್ತಿದ್ದರು.